ಹೋದ ಪತ್ತು ಮರಳಿ ಬರಬೇಕಾದರೆ

ನೋಡಪ್ಪ, ಅಂಗಡಿ ಮುಚ್ಚಿದ್ದಕ್ಕೆ ನೀನು ತಲೆ ತಗ್ಗಿಸಬೇಕಾಗಿಲ್ಲ. ವ್ಯಾಪಾರ ಅಂದಮೇಲೆ ಏಳುಬೀಳು ಇದ್ದದ್ದೇ. ಕಾರ್ಡಿನ ಬಾಕಿ ಪೂರ್ತಿ ಕಟ್ಟಲಾಗದೆ ಬ್ಯಾಂಕಿನವರ ಜೊತೆ ಸೆಟ್ಲ್‌ಮೆಂಟ್ ಮಾಡಿಕೊಂಡದ್ದೂ ಅಪರಾಧವಲ್ಲ. ಆದರೆ ಆ ಕಾಗದದ ಮಸಿ ಆರುವ ಮೊದಲೇ ‘ಇನ್ನು ಯಾವ ಬ್ಯಾಂಕಿನವರು ಕಾರ್ಡ್ ಕೊಟ್ಟಾರು?’ ಎಂದು ಕೇಳುತ್ತಿದ್ದೀಯಲ್ಲ, ಅದಕ್ಕೇ ಈ ನಾಲ್ಕು ಮಾತು. ಕಾರ್ಡ್ ಸಿಗುತ್ತದೆ, ಚಿಂತೆ ಬೇಡ. ಆದರೆ ಈ ಸಲ ಅದನ್ನು ಸಾಲ ಮಾಡಲಿಕ್ಕೆ ತೆಗೆದುಕೊಳ್ಳಬೇಡ. ಹೇಳಿದ ದಿನಕ್ಕೆ ಹೇಳಿದಷ್ಟು ಕಟ್ಟುವವನು ಎಂದು ತೋರಿಸಲಿಕ್ಕೆ ತೆಗೆದುಕೋ.

‘ಪಾಪರ್ ಆದ’ ಎಂದು ಊರಿನವರು ಸಲೀಸಾಗಿ ಆಡಿಕೊಳ್ಳುತ್ತಾರೆ. ನಿಜವಾಗಿ ಕೋರ್ಟಿಗೆ ಹೋಗಿ ದಿವಾಳಿ ಎನಿಸಿಕೊಳ್ಳುವವರು ನಮ್ಮಲ್ಲಿ ತೀರ ಕಡಿಮೆ. ಸಾಮಾನ್ಯರಿಗೆ ಇನ್ನೂ 1920ರ ಹಳೇ ಕಾಯ್ದೆಯೇ ಗತಿ. 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೆಂದು ಬರೆದ ಭಾಗ 2019ರ ಡಿಸೆಂಬರ್‌ನಿಂದ ಜಾರಿಗೆ ಬಂದದ್ದು, ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಹಾಗಾಗಿ ನಿನ್ನಂಥವರು ಬಿದ್ದ ಗುರುತು ಕೋರ್ಟಿನ ಕಡತದಲ್ಲಿರುವುದಿಲ್ಲ, ಸಿಬಿಲ್ ವರದಿಯಲ್ಲಿರುತ್ತದೆ.

ಮೊದಲು ಆ ವರದಿ ತರಿಸು. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕು. ಎಲ್ಲರೂ 300ರಿಂದ 900ರ ನಡುವಿನ ಆ ಒಂದು ಅಂಕವನ್ನು ನೋಡಿ ಮುಚ್ಚಿಡುತ್ತಾರೆ. ನೀನು ಕೆಳಗಿನ ಸಾಲುಗಳನ್ನೂ ಓದು. ‘ಸೆಟಲ್ಡ್’ ಎಂದಿದ್ದರೆ ಬ್ಯಾಂಕು ಒಂದಷ್ಟು ಹಣ ಕಳೆದುಕೊಂಡಿದೆ ಎಂದು ಮುಂದಿನ ಬ್ಯಾಂಕಿನವನಿಗೆ ಗೊತ್ತಾಗುತ್ತದೆ; ‘ಕ್ಲೋಸ್ಡ್’ ಎಂದಿದ್ದರೆ ಅವನು ಪ್ರಶ್ನೆ ಕೇಳುವುದಿಲ್ಲ. ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ, ಬಿಟ್ಟುಕೊಟ್ಟ ಬಾಕಿಯನ್ನೂ ಕಟ್ಟುತ್ತೇನೆಂದು ಹಳೇ ಬ್ಯಾಂಕಿಗೆ ಬರೆದುಕೊಡು. ಕಟ್ಟಿದ ಮೇಲೆ ಬಾಕಿ ಇಲ್ಲವೆಂಬ ಪತ್ರ ಪಡೆದು, ವರದಿಯಲ್ಲಿ ಬದಲಾಯಿತೇ ಎಂದು ನೋಡು. ತಪ್ಪು ನಮೂದಿದ್ದರೆ ದೂರು ಕೊಡು. 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವಿದೆ. ‘ಸಿಬಿಲ್ ಸರಿ ಮಾಡಿಸಿಕೊಡ್ತೀವಿ ಸಾರ್’ ಎಂದು ಫೋನ್ ಮಾಡುವವರಿಗೆ ಒಂದು ಪೈಸೆಯೂ ಬಿಚ್ಚಬೇಡ. ತಪ್ಪಿದ್ದರೆ ನೀನೇ ಖರ್ಚಿಲ್ಲದೆ ತಿದ್ದಿಸಬಹುದು, ನಿಜವಿದ್ದರೆ ಅವರಪ್ಪನೂ ಅಳಿಸಲಾರ.

ಇದಾದ ಮೇಲೆ ಸ್ವಲ್ಪ ಕಾಲ ಸುಮ್ಮನಿರು. ಕೃಷಿ ಸಾಲ ಬಿಟ್ಟು ಉಳಿದ ಸಾಲಗಳಲ್ಲಿ ರಾಜಿ ಮಾಡಿಕೊಂಡವರಿಗೆ ಅದೇ ಸಂಸ್ಥೆ ಕನಿಷ್ಠ 12 ತಿಂಗಳು ಹೊಸ ಸಾಲ ಕೊಡಬಾರದೆಂದು 2023ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕೇ ಹೇಳಿದೆ. ಬೇರೆ ಬ್ಯಾಂಕಿನವರು ನೋಡುವುದೂ ಅದೇ ವರದಿಯನ್ನು. ನೀನು ಹಾಕಿದ ಒಂದೊಂದು ಅರ್ಜಿಯೂ ಅಲ್ಲಿ ದಾಖಲಾಗುತ್ತದೆ. ಒಂದೇ ತಿಂಗಳಲ್ಲಿ ಐದಾರು ಬಾಗಿಲು ತಟ್ಟಿದವನನ್ನು ಕಂಡರೆ ಆರನೆಯವನು ಬಾಗಿಲು ತೆರೆಯುವುದಿಲ್ಲ.

ಆ ಹೊತ್ತಿನಲ್ಲಿ ಒಂದು ಎಫ್‌ಡಿ ಮಾಡು. ಎಫ್‌ಡಿಯ ಆಧಾರದ ಮೇಲೆ ಕಾರ್ಡ್ ಕೊಡುವ ಬ್ಯಾಂಕುಗಳು ಹಲವಿವೆ. ನಿನ್ನ ದುಡ್ಡೇ ಜಾಮೀನಾದ್ದರಿಂದ ಹಳೆಯ ಕಥೆಯನ್ನು ಅವರು ಅಷ್ಟಾಗಿ ಕೆದಕುವುದಿಲ್ಲ. ಠೇವಣಿಗೆ ಬಡ್ಡಿಯೂ ಬರುತ್ತಿರುತ್ತದೆ. 20,000 ರೂಪಾಯಿ ಇಟ್ಟು 18,000ದ ಮಿತಿ ಸಿಕ್ಕಿತೆನ್ನು. ಅದರಲ್ಲಿ ತಿಂಗಳಿಗೆ 5,000 ದಾಟಬೇಡ. ಕರೆಂಟ್ ಬಿಲ್ಲು, ಪೆಟ್ರೋಲು, ಮೊಬೈಲ್ ರೀಚಾರ್ಜು, ಹೇಗೂ ಮಾಡುವ ಖರ್ಚು ಮಾತ್ರ ಅದರಲ್ಲಿ ಹೋಗಲಿ. ಬಿಲ್ಲು ಬಂದಾಗ ಪೂರ್ತಿ ಬಾಕಿ ಖಾತೆಯಿಂದ ತಾನೇ ಕಡಿತವಾಗುವಂತೆ ಬರೆದುಕೊಟ್ಟುಬಿಡು.

‘ಮಿನಿಮಮ್ ಡ್ಯೂ’ ಅನ್ನುವುದನ್ನು ಮಾತ್ರ ನಂಬಬೇಡ. ನೀನು ಹಿಂದೆ ಮುಳುಗಿದ್ದು ಅಲ್ಲೇ. ಲೆಕ್ಕ ಹಾಕಿ ನೋಡು: 20,000 ಬಾಕಿಗೆ ತಿಂಗಳಿಗೆ ಶೇ. 3.5ರಂತೆ 700 ರೂಪಾಯಿ ಬಡ್ಡಿ, ಅದರ ಮೇಲೆ ಶೇ. 18ರ ಜಿಎಸ್‌ಟಿ 126. ನೀನು 1,000 ಕಟ್ಟಿ ನಿಟ್ಟುಸಿರು ಬಿಟ್ಟರೆ ಅಸಲಿಗೆ ಹೋದದ್ದು 174 ರೂಪಾಯಿ. ಅಷ್ಟೇ ಅಲ್ಲ, ಹಳೇ ಬಾಕಿ ಉಳಿದಿರುವಾಗ ಹೊಸದಾಗಿ ಕೊಂಡ ಸಾಮಾನಿಗೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ಎಟಿಎಮ್ಮಿನಲ್ಲಿ ಕಾರ್ಡಿನಿಂದ ನಗದು ತೆಗೆದರಂತೂ ಅಂದಿನಿಂದಲೇ ಬಡ್ಡಿ ಓಡಲು ಶುರು. ಬಡ್ಡಿಗೆ ವರ್ಷಕ್ಕೆ ಶೇ. 30ರ ಮಿತಿ ಹಾಕಿದ್ದ 2008ರ ಗ್ರಾಹಕ ಆಯೋಗದ ತೀರ್ಪನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದು ಮಾಡಿದೆ. ಆದ್ದರಿಂದ ಬಡ್ಡಿ ಹೆಚ್ಚಾಯಿತೆಂದು ಯಾರ ಹತ್ತಿರ ದೂರು ಒಯ್ಯುತ್ತೀ?

ಹಳೆಯ ನಮೂದು ವರ್ಷಗಟ್ಟಲೆ ಕಾಣುತ್ತಿರುತ್ತದೆ, ಅದಕ್ಕೆ ಮರುಗಬೇಡ. ಸಿಬಿಲ್ ವರದಿಯಲ್ಲಿ ಒಂದೊಂದು ಖಾತೆಗೂ 36 ತಿಂಗಳವರೆಗಿನ ಪಾವತಿಯ ಚರಿತ್ರೆ ಇರುತ್ತದೆ. ತಿಂಗಳು ತಿಂಗಳಿಗೂ ಒಂದು ಚೌಕ, ಅದರಲ್ಲಿ ಎಷ್ಟು ದಿನ ತಡವಾಯಿತೆಂಬ ಅಂಕಿ. ಹೊಸ ಕಾರ್ಡಿನ ಚೌಕಗಳಲ್ಲಿ ಸಾಲಾಗಿ ಸೊನ್ನೆ ಬೀಳುತ್ತಿದ್ದರೆ, ಎಫ್‌ಡಿ ಇಲ್ಲದ ಕಾರ್ಡನ್ನೂ ಬ್ಯಾಂಕಿನವರೇ ಫೋನ್ ಮಾಡಿ ಕೊಡಲು ಬರುತ್ತಾರೆ. ಮಿತಿ ಏರಿಸುತ್ತೇವೆ ಎಂದೂ ಪುಸಲಾಯಿಸುತ್ತಾರೆ. ಬೇಡ ಎನ್ನುವುದನ್ನು ಆಗ ಕಲಿತಿರು. ಗೆಳೆಯನ ಮೊಬೈಲಿನ ಕಂತಿಗೆ ನಿನ್ನ ಕಾರ್ಡ್ ಉಜ್ಜಲೂಬೇಡ. ಅವನು ತಪ್ಪಿದರೂ ಚೌಕದಲ್ಲಿ ಬೀಳುವ ಅಂಕಿ ನಿನ್ನದೇ.

ಕಷ್ಟ ಬಂದರೆ ಕಾರ್ಡ್ ಇದೆಯಲ್ಲ ಎನ್ನುವ ಧೈರ್ಯವೇ ಕಳೆದ ಸಲ ನಿನ್ನನ್ನು ಕೆಡವಿದ್ದು. ಕಷ್ಟಕ್ಕೆಂದು ಮೂರು ತಿಂಗಳ ಮನೆಖರ್ಚು ಬೇರೆ ಖಾತೆಯಲ್ಲಿ ಕೂಡಲಿ. ಅದು ಕೂಡಿದ ಮೇಲೆ ಎಫ್‌ಡಿ, ಎಫ್‌ಡಿ ಆದಮೇಲೆ ಕಾರ್ಡು. ಈ ಕ್ರಮ ತಪ್ಪಿಸುವಷ್ಟು ಅವಸರವಿದೆ ಅನ್ನಿಸಿದರೆ, ನಿನಗೆ ಇನ್ನೂ ಕಾರ್ಡಿನ ಕಾಲ ಬಂದಿಲ್ಲ ಎಂದೇ ತಿಳಿ.