ಕ್ರೈಸ್ತಧರ್ಮದಲ್ಲಿ ಪಶ್ಚಾತ್ತಾಪ ಮತ್ತು ಕ್ಷಮೆ: ಶ್ರೀರಂಗಪಟ್ಟಣದ ಒಂದು ನಿದರ್ಶನ

ಪಾಪ, ಪಶ್ಚಾತ್ತಾಪ, ಕ್ಷಮೆ ಎಂಬ ಮಾತುಗಳನ್ನು ಕೇಳಿದೊಡನೆ, ಇದು ಚರ್ಚಿನೊಳಗಿನ ವಿಷಯ, ನಮಗೇಕೆ ಎಂದು ನಮ್ಮಲ್ಲಿ ಬಹುಮಂದಿ ಅಂದುಕೊಳ್ಳುವುದುಂಟು. ನಾನೂ ಹಾಗೆಯೇ ಅಂದುಕೊಂಡಿದ್ದವನು. ಮಳವಳ್ಳಿ ತಾಲ್ಲೂಕಿನ ಒಂದು ಒಕ್ಕಲು ಮನೆಯಲ್ಲಿ ಹುಟ್ಟಿ, ಮನೆತನಕ್ಕೇ ಮೊದಲಿಗನಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನನಗೆ ಪಾಪದ ವಿಚಾರವೆಂದರೆ ಅಜ್ಜಿ ಹೇಳುತ್ತಿದ್ದ ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆಯಷ್ಟೇ. ಆದರೆ ತಪ್ಪು ನಡೆದಾಗ ಅಜ್ಜಿ ಸುಮ್ಮನೆ ಉಣ್ಣುತ್ತಿರಲಿಲ್ಲ; ಅರಿಸಿನದ ಬಟ್ಟೆಯಲ್ಲಿ ನಾಣ್ಯವೊಂದನ್ನು ಕಟ್ಟಿ ದೇವರಿಗೆ ತಪ್ಪುಕಾಣಿಕೆ ತೆಗೆದಿಡುತ್ತಿದ್ದಳು. ಗಾದೆಗೂ ಕಾಣಿಕೆಗೂ ಹೊಂದಿಕೆಯಿಲ್ಲವೆಂದು ನನಗೆ ಹೊಳೆದದ್ದು ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣದ ಕ್ರೈಸ್ತರ ಚರಿತ್ರೆಯನ್ನು ಓದುವಾಗ.

ಈ ಚರಿತ್ರೆ ಹಳೆಯದು. ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ 17ನೆಯ ಶತಮಾನದ ನಡುವಿನಲ್ಲೇ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು ಧರ್ಮಬೋಧೆ ಮಾಡಿದರು. ಅದು ಬೇರೊಂದು ಲೇಖನಕ್ಕೆ ವಸ್ತು. ನನ್ನ ಮನಸ್ಸನ್ನು ಹಿಡಿದದ್ದು 1784ರ ಸಂಗತಿ. ಎರಡನೆಯ ಮೈಸೂರು ಯುದ್ಧ ಮುಗಿಯುತ್ತಿದ್ದ ಆ ವರ್ಷ, ಕೆನರಾ ಸೀಮೆಯ ಕ್ರೈಸ್ತರು ಇಂಗ್ಲಿಷರಿಗೆ ಸಹಾಯ ಮಾಡಿದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನ್ ಅವರನ್ನು ಹಿಡಿಸಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅರವತ್ತು ಸಾವಿರವೆಂದು ಕೆಲವರು, ಅದರ ಅರ್ಧವೆಂದು ಕೆಲವರು ಬರೆಯುತ್ತಾರೆ. ದಾರಿಯಲ್ಲಿ ಸತ್ತವರು ಅನೇಕರು. ಉಳಿದವರಲ್ಲಿ ಅನೇಕರು ಬಲವಂತದಿಂದ ಮತಾಂತರ ಹೊಂದಿದರು. ಶೃಂಗೇರಿ ಮಠಕ್ಕೆ ನೆರವಿತ್ತ ಅರಸನೇ ಇದನ್ನೂ ಮಾಡಿದನೆಂಬುದನ್ನು ಚರಿತ್ರೆಯ ವಿದ್ಯಾರ್ಥಿ ಎರಡು ಕಣ್ಣುಗಳಿಂದಲೂ ನೋಡಬೇಕು. ಅವರನ್ನು ಹಿಡಿದದ್ದು ಬೂದಿ ಬುಧವಾರದಂದು ಎಂದು ಮಂಗಳೂರಿನ ಕ್ರೈಸ್ತರ ಸಂಪ್ರದಾಯ ಹೇಳುತ್ತದೆ. ಹಣೆಗೆ ಬೂದಿ ಹಚ್ಚಿ ಪಶ್ಚಾತ್ತಾಪದ ನಲವತ್ತು ದಿನಗಳನ್ನು ಆರಂಭಿಸುವ ದಿನ ಅದು. ಅವರ ಪಾಲಿಗೆ ಆ ವ್ರತ ಹದಿನೈದು ವರ್ಷ ನಡೆಯಿತು.

ಅವರ ಈ ಕಷ್ಟ ಅವರ ಪಾಪದ ಫಲವೇ? ಗಾದೆ ಹೌದೆನ್ನುತ್ತದೆ. ಕ್ರೈಸ್ತರ ಬೈಬಲ್ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಹಳೆಯ ಒಡಂಬಡಿಕೆಯಲ್ಲಿ ಯೋಬನೆಂಬ ನೀತಿವಂತ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡು ಮೈತುಂಬ ಹುಣ್ಣಾಗಿ ಕುಳಿತಾಗ, ಸ್ನೇಹಿತರು ಬಂದು ನೀನು ಏನೋ ಪಾಪ ಮಾಡಿರಬೇಕೆಂದು ವಾದಿಸುತ್ತಾರೆ. ಕೊನೆಗೆ ದೇವರ ಕೋಪ ತಿರುಗುವುದು ಆ ಸ್ನೇಹಿತರ ಮೇಲೆ. ಹುಟ್ಟುಕುರುಡನನ್ನು ತೋರಿಸಿ ಇದು ಯಾರ ಪಾಪವೆಂದು ಶಿಷ್ಯರು ಕೇಳಿದಾಗ, ಇವನದೂ ಅಲ್ಲ, ತಂದೆತಾಯಿಗಳದೂ ಅಲ್ಲ ಎಂದು ಯೇಸು ಉತ್ತರಿಸಿದನೆಂದು ಯೋಹಾನನ ಸುವಾರ್ತೆಯಲ್ಲಿದೆ. ಕಷ್ಟ ಬೇರೆ, ಪಾಪ ಬೇರೆ. ಇದನ್ನು ಬಿಡಿಸಿಕೊಳ್ಳದೆ ಮುಂದಿನದು ಅರ್ಥವಾಗುವುದಿಲ್ಲ.

ಪಾಪವಾಗಿದ್ದರೆ ಅದು ಸೆರೆಯಾದದ್ದರಲ್ಲಿ ಇರಲಿಲ್ಲ. ಭಯದಿಂದ ‘ನಾನವನಲ್ಲ’ ಎಂದದ್ದರಲ್ಲಿ ಇತ್ತು. ಈ ಮಾತನ್ನು ಮೊದಲು ಆಡಿದವನು ಪೇತ್ರ, ಯೇಸುವಿನ ಶಿಷ್ಯರಲ್ಲೇ ಮೊದಲಿಗ. ಗುರುವನ್ನು ಹಿಡಿದ ರಾತ್ರಿ ಅಂಗಳದಲ್ಲಿ ಬೆಂಕಿ ಕಾಯಿಸುತ್ತ, ಕೇಳಿದವರಿಗೆ ಮೂರು ಸಲ ಅವನನ್ನು ಅರಿಯೆನೆಂದ. ಕೋಳಿ ಕೂಗಿತು, ಹೊರಗೆ ಹೋಗಿ ಅತ್ತ.

ಇಲ್ಲಿ ನನ್ನದೊಂದು ಮಾತು ಬಂದರೆ ವಾಚಕರು ಮನ್ನಿಸಬೇಕು. ಹೋದ ವರ್ಷ ಸ್ನೇಹಿತರೊಡನೆ ಮದ್ದೂರಿನಲ್ಲಿ ಬಸ್ಸಿಗೆ ನಿಂತಿದ್ದೆ. ಎಳನೀರು ಇಳಿಸಲು ಬಂದಿದ್ದ ನಮ್ಮಪ್ಪ, ಬರಿಗಾಲಲ್ಲಿ, ತಲೆಗೆ ಟವಲು ಸುತ್ತಿಕೊಂಡು ರಸ್ತೆಯ ಆಚೆಯಿಂದ ನನ್ನ ಹೆಸರು ಹಿಡಿದು ಕೂಗಿದರು. ‘ಯಾರೋ ನಿನ್ನನ್ನು ಕರೀತಿದಾರಲ್ಲೋ’ ಎಂದ ಒಬ್ಬ. ‘ಬೇರೆ ಯಾರನ್ನೋ ಇರಬೇಕು’ ಎಂದು ಬಸ್ಸು ಹತ್ತಿದೆ. ನನ್ನ ಕತ್ತಿನ ಮೇಲೆ ಯಾರೂ ಕತ್ತಿ ಇಟ್ಟಿರಲಿಲ್ಲ.

ಪಶ್ಚಾತ್ತಾಪವೆಂದರೆ ಆಮೇಲೆ ಸುಡುವ ತಾಪ. ಸುವಾರ್ತೆಯ ಮೂಲ ಗ್ರೀಕ್ ಪದಕ್ಕೆ ಮನಸ್ಸು ತಿರುಗುವುದೆಂದು ಅರ್ಥ. ಕನ್ನಡ ಬೈಬಲಿನ ‘ಮಾನಸಾಂತರ’ ಎಂಬ ಮಾತು ಅದಕ್ಕೆ ಹತ್ತಿರ. ಸುಟ್ಟುಕೊಳ್ಳುವುದಷ್ಟೇ ಸಾಲದು, ತಿರುಗಬೇಕು. ಕಥೋಲಿಕ ಕ್ರಮದಲ್ಲಿ ಮನಮರುಗಿ, ಗುರುವಿನ ಮುಂದೆ ಬಾಯಿಬಿಟ್ಟು ಹೇಳಿ, ವಿಧಿಸಿದ ಪ್ರಾಯಶ್ಚಿತ್ತವನ್ನು ನಡೆಸಬೇಕು. ಪ್ರಾಟೆಸ್ಟೆಂಟರು ನಡುವೆ ಗುರು ಬೇಡವೆನ್ನುತ್ತಾರೆ. ಆದರೆ ಇಬ್ಬರಿಗೂ ಕ್ಷಮೆ ದುಡಿದು ಸಂಪಾದಿಸುವ ವಸ್ತುವಲ್ಲ. ಲೂಕನ ಸುವಾರ್ತೆಯ ತಪ್ಪಿಹೋದ ಮಗನ ಸಾಮತಿಯಲ್ಲಿ, ನನ್ನನ್ನು ಆಳಾಗಿಯಾದರೂ ಇಟ್ಟುಕೊ ಎಂಬ ಮಾತನ್ನು ಮಗ ಸಿದ್ಧಮಾಡಿಕೊಂಡು ಬರುತ್ತಾನೆ. ಅದನ್ನು ಮುಗಿಸುವುದಕ್ಕೆ ತಂದೆ ಬಿಡುವುದೇ ಇಲ್ಲ. ಅಜ್ಜಿಯ ನಾಣ್ಯಕ್ಕೂ ಇದಕ್ಕೂ ಇರುವ ಅಂತರ ಇದೇ ಎಂದು ನನಗೆ ತೋರುತ್ತದೆ. ಅಜ್ಜಿಯ ದೃಷ್ಟಿಯಲ್ಲಿ ಲೆಕ್ಕ ತೀರಬೇಕು. ಇಲ್ಲಿ ಲೆಕ್ಕದ ಪುಸ್ತಕವನ್ನೇ ಮುಚ್ಚಿಬಿಡುತ್ತಾರೆ. ಹಾಗೆ ಮುಚ್ಚುವುದು ನ್ಯಾಯವೇ ಎಂದು ಮನೆಯಲ್ಲೇ ಉಳಿದಿದ್ದ ಹಿರಿಯ ಮಗ ಕೇಳುತ್ತಾನೆ. ಅವನು ಬಾಗಿಲ ಹೊರಗೇ ನಿಲ್ಲುತ್ತಾನೆ. ಒಳಗೆ ಹೋದನೋ ಇಲ್ಲವೋ ಕಥೆ ಹೇಳುವುದಿಲ್ಲ.

ಈ ಪ್ರಶ್ನೆ ಸಭೆಯನ್ನು ಬಹುಕಾಲ ಕಾಡಿತು. ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ಡೀಸಿಯಸ್ ಎಲ್ಲರೂ ದೇವತೆಗಳಿಗೆ ಬಲಿಯರ್ಪಿಸಿ ಪತ್ರ ಪಡೆಯಬೇಕೆಂದು ಆಜ್ಞೆ ಮಾಡಿದಾಗ ಎಷ್ಟೋ ಕ್ರೈಸ್ತರು ಮಣಿದರು. ಅವರನ್ನು ಮರಳಿ ಸೇರಿಸಲೇಕೂಡದೆಂದು ರೋಮಿನ ನೊವೇಶಿಯನ್ ಹಟ ಹಿಡಿದ. ಪ್ರಾಯಶ್ಚಿತ್ತದ ನಂತರ ಸೇರಿಸಬಹುದೆಂದು ಕಾರ್ತೇಜಿನ ಬಿಷಪ್ ಸಿಪ್ರಿಯನ್ ನಿಂತರು. ಸಿಪ್ರಿಯನ್ನರ ಪಕ್ಷವೇ ಗೆದ್ದಿತು. ಆ ಕಿರುಕುಳದ ಕಾಲದಲ್ಲಿ ಅವರೂ ಅಡಗಿಕೊಂಡಿದ್ದರು. 258ರಲ್ಲಿ ಅಡಗಲಿಲ್ಲ, ಪ್ರಾಣವನ್ನೇ ಕೊಟ್ಟರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಚೆದುರಿದ ಕ್ರೈಸ್ತರನ್ನು ಒಂದುಗೂಡಿಸಲು ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್. ನಮ್ಮ ಸೀಮೆಯ ಜನ ಅವರನ್ನು ದೊಡ್ಡಸ್ವಾಮಿಯವರು ಎನ್ನುತ್ತಿದ್ದರು. ಹಿಂದೂಗಳ ಆಚಾರವಿಚಾರಗಳ ಮೇಲಿನ ಅವರ ಗ್ರಂಥ ಪ್ರಸಿದ್ಧವಾಗಿದೆ. ಸಿಡುಬಿಗೆ ದೇವಿ ಹಾಕುವ ಕೆಲಸದಲ್ಲೂ, ಹಾಸನದ ಬಳಿ ಸಾತಳ್ಳಿಯಲ್ಲಿ ಬಡವರಿಗೆ ಬೇಸಾಯದ ನೆಲೆ ಕಟ್ಟುವುದರಲ್ಲೂ ದುಡಿದರು. ಗಂಜಾಮಿನಲ್ಲಿ ಅವರ ಹೆಸರಿನಲ್ಲೇ ಕರೆಯುವ ಚರ್ಚು ಇಂದಿಗೂ ಇದೆ. ಸೆರೆಯಿಂದ ಬಿಡುಗಡೆಯಾದವರು ಅವರ ಬಳಿ ಬಂದರು. ನಾವು ಬಿಟ್ಟದ್ದು ಹೊರಗಿನಿಂದ ಮಾತ್ರ, ಒಳಗೆ ನಂಬಿಕೆ ಇಟ್ಟುಕೊಂಡೇ ಇದ್ದೆವು ಎಂದರು. ತಮ್ಮ ಕೈಗೆ ಬಂದವರು ಸುಮಾರು 2,000 ಮಂದಿಯೆಂದು ಅವರೇ ಬರೆದಿದ್ದಾರೆ. ಇನ್ನೂ ಅನೇಕ ಸಾವಿರ ಜನ ಮಂಗಳೂರಿನ ಕಡೆಗೆ ಇಳಿದುಹೋಗಿ ಕೆಡವಿದ ಚರ್ಚುಗಳನ್ನು ಮತ್ತೆ ಕಟ್ಟಿದರು.

ಆದರೆ 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ, ಭಾರತದ ಕ್ರೈಸ್ತಧರ್ಮದ ಸ್ಥಿತಿಯ ಬಗೆಗಿನ ಪತ್ರಗಳಲ್ಲಿ ಅದೇ ದುಬಾಯ್ ಅವರು ಈ ಜನರ ಮೇಲೆ ಕಟುವಾದ ತೀರ್ಪು ಕೊಡುತ್ತಾರೆ: ಅಷ್ಟು ಸಾವಿರ ಮಂದಿಯಲ್ಲಿ ಸಾಯುವೆನೇ ಹೊರತು ಬಿಡೆನೆಂದವನು ಒಬ್ಬನೂ ಇರಲಿಲ್ಲವೆಂದು. ಕ್ರಾಂತಿಯ ಫ್ರಾನ್ಸಿನಲ್ಲಿ ಸರ್ಕಾರದ ಪ್ರತಿಜ್ಞೆಯನ್ನು ಒಪ್ಪದ ಪಾದ್ರಿಗಳನ್ನು ಕೊಲ್ಲುತ್ತಿದ್ದ 1792ರಲ್ಲೇ ಅವರು ಸ್ವದೇಶ ಬಿಟ್ಟು ಬಂದವರೆಂಬುದು ನೆನಪಾಗದೆ ಇರದು. ಕೈಯಲ್ಲಿ ಅವರು ಸಾಮತಿಯ ತಂದೆ, ಲೇಖನಿಯಲ್ಲಿ ಹಿರಿಯ ಮಗ. ಆದರೂ ಶ್ರೀರಂಗಪಟ್ಟಣದಲ್ಲಿ ಬಾಗಿಲ ಬಳಿ ನಿಂತವರನ್ನು ಅವರು ಒಳಗೆ ಕರೆದುಕೊಂಡರು. ಮನಸ್ಸು ಒಪ್ಪುವವರೆಗೆ ಕಾದಿದ್ದರೆ ಇಪ್ಪತ್ತನಾಲ್ಕು ವರ್ಷ ಕಳೆದರೂ ಕರೆಯುತ್ತಿರಲಿಲ್ಲವೇನೋ. ಕ್ಷಮಿಸುವುದು ತನ್ನ ಅಧಿಕಾರವಲ್ಲ, ದೇವರದು, ತಾನು ಬಾಗಿಲು ತೆಗೆಯುವವನು ಮಾತ್ರ ಎಂದು ಕಥೋಲಿಕ ಗುರುವಿಗೆ ಕಲಿಸಿರುತ್ತಾರೆ.

ಈ ಲೇಖನ ಬರೆಯುವ ಮುನ್ನ ಗಂಜಾಮಿಗೆ ಹೋಗಿಬಂದೆ. ಹಿಂದಿರುಗುವಾಗ ಬಸ್ಸು ಮದ್ದೂರಿನಲ್ಲಿ ನಿಂತಿತು. ಎಳನೀರಿನ ಗಾಡಿಗಳು ಸಾಲಾಗಿ ನಿಂತಿದ್ದವು. ಇಳಿದು ನೋಡಿದೆ, ಅಂದು ನಮ್ಮಪ್ಪ ಬಂದಿರಲಿಲ್ಲ.