ಟರ್ಬೊ ಮೀಟರಿನ ಮುಳ್ಳು ಕುಣಿದರೆ

ಘಾಟಿ ಹತ್ತುವಾಗ ಜೀಪಿನ ಟರ್ಬೊ ಮೀಟರಿನ ಮುಳ್ಳು ಒಂದೆಡೆ ನಿಲ್ಲದಿದ್ದರೆ, ಟರ್ಬೊ ಬದಲಿಸಲು ಕೂಡಲೇ ಒಪ್ಪಬೇಡಿ. ಅದು ದುಬಾರಿ ಭಾಗ. ದೋಷ ಒಂದು ಸಣ್ಣ ರಬ್ಬರ್ ಪೈಪಿನಲ್ಲೇ ಇರಬಹುದು.

ಇಂಜಿನ್ ಉಗುಳುವ ಹೊಗೆಯ ರಭಸಕ್ಕೆ ಟರ್ಬೊದ ಒಂದು ಚಕ್ರ ತಿರುಗುತ್ತದೆ. ಅದೇ ದಂಡದ ಇನ್ನೊಂದು ಚಕ್ರ ಗಾಳಿಯನ್ನು ಒತ್ತಿ ಇಂಜಿನಿಗೆ ತುಂಬುತ್ತದೆ. ಈ ಒತ್ತಡವನ್ನೇ ಮೀಟರು ತೋರಿಸುವುದು. ಆಕ್ಸಿಲರೇಟರ್ ಒತ್ತಿದಾಗ ಮುಳ್ಳು ಏರುವುದು, ಬಿಟ್ಟಾಗ ಇಳಿಯುವುದು ಸಹಜ. ಒಂದೇ ಗೇರಿನಲ್ಲಿ, ಒಂದೇ ಏರಿನಲ್ಲಿ, ಕಾಲು ಕದಲಿಸದಿದ್ದರೂ ಮುಳ್ಳು ತೂಗಾಡಿದರೆ ಪರೀಕ್ಷೆ ಅಗತ್ಯ.

ಇಂಜಿನ್ ತಣ್ಣಗಾದ ಮೇಲೆ ಈ ಕ್ರಮದಲ್ಲಿ ನೋಡಿರಿ:

1. ಮೀಟರಿಗೆ ಹೋಗುವ ಸಣ್ಣ ಪೈಪು: ಬಿರುಕು, ಇಲಿ ಕಡಿದ ಗುರುತು, ಒಳಗೆ ನೀರು ಅಥವಾ ಎಣ್ಣೆ ಇದೆಯೇ? ಹೊಸ ಪೈಪಿನಲ್ಲಿ ಬೇರೊಂದು ಮೀಟರು ಜೋಡಿಸಿರಿ. ಮುಳ್ಳು ಸ್ಥಿರವಾದರೆ ಟರ್ಬೊ ನಿರ್ದೋಷಿ.

2. ಟರ್ಬೊದಿಂದ ಇಂಟರ್‌ಕೂಲರಿಗೂ ಅಲ್ಲಿಂದ ಇಂಜಿನಿಗೂ ಹೋಗುವ ದೊಡ್ಡ ಪೈಪುಗಳು: ಕ್ಲಿಪ್ಪು ಸಡಿಲವೇ? ಜೋಡಣೆಯಲ್ಲಿ ಎಣ್ಣೆ ಜಿಡ್ಡು, ಏರಿನಲ್ಲಿ ಬುಸ್ಸೆನ್ನುವ ಸದ್ದು ಇದ್ದರೆ ಗಾಳಿ ಸೋರುತ್ತಿರಬಹುದು.

3. ವೇಸ್ಟ್‌ಗೇಟ್: ಒತ್ತಡ ಮಿತಿಮೀರದಂತೆ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲಿದು. ಅದರ ಸರಳು ಸಿಕ್ಕಿಕೊಂಡಿದೆಯೇ ಎಂದು ಮೆಕ್ಯಾನಿಕ್ ನೋಡಲಿ.

4. ಏರ್ ಫಿಲ್ಟರ್: ಧೂಳು ಕಟ್ಟಿದ್ದರೆ ಬದಲಿಸಿರಿ. ಅಲ್ಲಿಂದ ಟರ್ಬೊಗೆ ಹೋಗುವ ಪೈಪು ಹರಿದಿದ್ದರೆ ಗಾಡಿ ಓಡಿಸಬೇಡಿ. ತೋಟದ ರಸ್ತೆಯ ಧೂಳು ನೇರವಾಗಿ ಒಳನುಗ್ಗಿ ಚಕ್ರವನ್ನೂ ಇಂಜಿನನ್ನೂ ಸವೆಸುತ್ತದೆ.

ಇವೆಲ್ಲ ಸರಿಯಿದ್ದ ಮೇಲಷ್ಟೇ ಟರ್ಬೊ ಬಿಚ್ಚಿಸಿ, ದಂಡ ಅಲ್ಲಾಡುತ್ತಿದೆಯೇ ಎಂದು ನಿಮ್ಮೆದುರೇ ತೋರಿಸಲು ಹೇಳಿರಿ.