ಪಟ್ಟಣದ ಉದ್ಯಾನ, ಆಟದ ಬಯಲು, ಕಲೆ: ಇವಕ್ಕೆ ಸಲಹೆ ಹೇಳುವವರು ಯಾರು?

ನಮ್ಮ ಊರುಗಳಲ್ಲಿ ಅರಳಿಕಟ್ಟೆಯೊಂದಿದ್ದರೆ ಸಾಕಾಗುತ್ತಿತ್ತು. ಹಗಲು ದಣಿದವರಿಗೆ ಅದೇ ನೆರಳು. ಸಂಜೆ ಮಕ್ಕಳಿಗೆ ಅದೇ ಆಟದ ಬಯಲು. ರಾತ್ರಿ ಹರಿಕಥೆಗೋ ಬಯಲಾಟಕ್ಕೋ ಅದೇ ರಂಗಸ್ಥಳ. ಕಟ್ಟೆಯ ಕಲ್ಲು ಸಡಿಲವಾದರೆ, ಗುಂಡುತೋಪಿನ ಮರವನ್ನು ಕಡಿಯಲು ಯಾರಾದರೂ ಹೊರಟರೆ, ಊರ ಹತ್ತು ಸಮಸ್ತರು ಕೂತು ಮಾತಾಡುತ್ತಿದ್ದರು. ಆ ಕೂಟದಲ್ಲಿ ಎಲ್ಲರಿಗೂ ಸಮಾನ ಸ್ಥಾನವಿತ್ತೆಂದು ನಾವು ಹೇಳುವುದಿಲ್ಲ. ಕೇರಿಯವರನ್ನು ಕಟ್ಟೆಯ ಬಳಿಗೂ ಸೇರಿಸದ ಊರುಗಳು ಬಹಳವಿದ್ದವು. ಆದರೂ ಮಾತು ಎಲ್ಲಿ ನಡೆಯುತ್ತದೆಂಬುದು ಎಲ್ಲರಿಗೂ ತಿಳಿದಿತ್ತು.

ದಿಲ್ಲಿಗೆ ಹೊಟ್ಟೆಪಾಡಿಗಾಗಿ ಬಂದ ನಮಗೆ ಅದೊಂದು ತಿಳಿಯದು. ಬಡಾವಣೆಯ ಪಾರ್ಕಿಗೆ ಬೀಗ ಬೀಳುತ್ತದೆ; ಮಕ್ಕಳು ಆಡುವ ಬಯಲಿನಲ್ಲಿ ಇಟ್ಟಿಗೆಯ ರಾಶಿ ಬೀಳುತ್ತದೆ; ರಾಜ್ಯೋತ್ಸವದ ಸಭೆಗೆ ಬಯಲು ಬೇಕೆಂದರೆ ಒಂದು ಕಛೇರಿಯವರು ಇನ್ನೊಂದು ಕಛೇರಿಯ ಕಡೆಗೆ ಕೈ ತೋರಿಸುತ್ತಾರೆ. ‘ನಾವು ಇಲ್ಲಿ ಎಷ್ಟು ದಿನದವರು, ನಮಗೇಕೆ ಈ ಉಸಾಬರಿ’ ಎಂದು ಸುಮ್ಮನಾಗುತ್ತೇವೆ. ಹೀಗೆ ಸುಮ್ಮನಿದ್ದೇ ಇಪ್ಪತ್ತು ವರ್ಷ ಕಳೆದವರು ನಮ್ಮ ವಾಚನಾಲಯಕ್ಕೆ ಬರುವವರಲ್ಲಿಯೇ ಇದ್ದಾರೆ. ಆದ್ದರಿಂದ ಈ ಸಲದ ಪಾಠಕ್ಕೆ ಈ ವಿಷಯವನ್ನೇ ಆರಿಸಿಕೊಂಡಿದ್ದೇವೆ.

ಕಾನೂನು ಏನು ಹೇಳುತ್ತದೆ?

ಮೊದಲು ಬುನಾದಿಯನ್ನು ನೋಡೋಣ. ನಮ್ಮ ಸಂವಿಧಾನಕ್ಕೆ 1992ರಲ್ಲಿ 74ನೆಯ ತಿದ್ದುಪಡಿಯಾಯಿತು. ಅದು 1993ರ ಜೂನ್ 1ರಿಂದ ಜಾರಿಗೆ ಬಂದಿತು. ಅದರಿಂದ ಸೇರಿದ ಹನ್ನೆರಡನೆಯ ಅನುಸೂಚಿಯಲ್ಲಿ ಪೌರಸಂಸ್ಥೆಗಳಿಗೆ ವಹಿಸಬಹುದಾದ 18 ಕೆಲಸಗಳ ಪಟ್ಟಿಯಿದೆ. ಅದರ 12ನೆಯ ಬಾಬು ಪಾರ್ಕು, ತೋಟ, ಆಟದ ಮೈದಾನ ಮೊದಲಾದ ಸೌಕರ್ಯಗಳು. 13ನೆಯದು ಸಂಸ್ಕೃತಿ, ಶಿಕ್ಷಣ, ಸೌಂದರ್ಯ ಇವುಗಳ ಪೋಷಣೆ. ಅಂದರೆ ನೀರು, ಬೀದಿ, ಚರಂಡಿಗಳ ಸಾಲಿನಲ್ಲಿಯೇ ಆಟಕ್ಕೂ ಹಾಡಿಗೂ ಜಾಗ ಕೊಟ್ಟಿದೆ. ಇದು ಶ್ರೀಮಂತರ ಶೋಕಿಯೆಂದು ತಿಳಿಯಬಾರದು.

ದಿಲ್ಲಿ ನಗರಪಾಲಿಕೆಯ 1957ರ ಕಾನೂನು ಪಾಲಿಕೆಯ ಕೆಲಸಗಳನ್ನು ಎರಡು ಭಾಗ ಮಾಡಿದೆ: ಮಾಡಲೇಬೇಕಾದವು, ಇಷ್ಟವಿದ್ದರೆ ಮಾಡಬಹುದಾದವು. ಪುಸ್ತಕಾಲಯ, ವಸ್ತುಸಂಗ್ರಹಾಲಯ, ಚಿತ್ರಶಾಲೆ, ಗರಡಿಮನೆ, ಕ್ರೀಡಾಂಗಣ, ಸಾರ್ವಜನಿಕ ಸ್ಥಳಗಳಲ್ಲಿ ಸಂಗೀತ ಇವೆಲ್ಲ ಎರಡನೆಯ ಪಟ್ಟಿಯಲ್ಲಿ ಬರುತ್ತವೆ. ಇಲ್ಲಿಯೇ ಗುಟ್ಟಿರುವುದು. ‘ಮಾಡಬಹುದು’ ಎಂಬ ಕೆಲಸ ಕೇಳುವವರಿದ್ದರೆ ಆಗುತ್ತದೆ, ಇಲ್ಲವಾದರೆ ಹಣವಿಲ್ಲವೆಂಬ ನೆಪದಲ್ಲಿ ಬಿದ್ದಿರುತ್ತದೆ. ಅಳದಿದ್ದರೆ ತಾಯಿಯೂ ಹಾಲು ಕೊಡಳು ಎಂಬ ಗಾದೆ ಪಾಲಿಕೆಗೂ ಸಲ್ಲುತ್ತದೆ.

ಸಲಹೆ ಹೇಳುವ ಮಂಡಲಿಗಳು

ಇನ್ನು ಸಲಹೆಗಾರರ ವಿಷಯ. ಈ ನಗರದಲ್ಲಿ ಮುಖ್ಯವಾಗಿ ಮೂರು ಬಗೆಯ ಕೂಟಗಳನ್ನು ಗುರುತಿಸಬಹುದು.

ಮೊದಲನೆಯದು ದಿಲ್ಲಿ ಅಭಿವೃದ್ಧಿ ಪ್ರಾಧಿಕಾರದ ಸಲಹಾ ಪರಿಷತ್ತು. ಜನರು ‘ಡಿ.ಡಿ.ಎ.’ ಎಂದು ಕರೆಯುವ ಈ ಪ್ರಾಧಿಕಾರವು 1957ರ ಕಾನೂನಿನಿಂದ ಹುಟ್ಟಿತು. ನಗರದ ಮಹಾಯೋಜನೆಯನ್ನು ಸಿದ್ಧಪಡಿಸುವುದರಲ್ಲಿ ಪ್ರಾಧಿಕಾರಕ್ಕೆ ಸಲಹೆ ಕೊಡಲು ಪರಿಷತ್ತೊಂದು ಇರತಕ್ಕದ್ದೆಂದು ಆ ಕಾನೂನಿನ 5ನೆಯ ಕಲಮು ವಿಧಿಸುತ್ತದೆ. ಪಾಲಿಕೆಯ ಪ್ರತಿನಿಧಿಗಳು, ಪಾರ್ಲಿಮೆಂಟಿನ ಸದಸ್ಯರು, ನಗರ ಯೋಜನೆ ಬಲ್ಲವರು ಅದರಲ್ಲಿರಬೇಕು. ಕೇಂದ್ರ ಸರಕಾರವು ನೇಮಿಸುವವರ ಪೈಕಿ ಒಬ್ಬರು ವ್ಯಾಪಾರ ಉದ್ಯಮಗಳ ಪರವಾಗಿಯೂ, ಒಬ್ಬರು ಕಾರ್ಮಿಕರ ಪರವಾಗಿಯೂ ಇರಬೇಕು. ಗಿರಣಿ, ಕಾರಖಾನೆಗಳಲ್ಲಿ ದುಡಿಯುವ ಬಂಧುಗಳು ಈ ಮಾತನ್ನು ಗಮನಿಸಬೇಕು. ಉದ್ಯಾನವೆಲ್ಲಿ, ಮೈದಾನವೆಲ್ಲಿ ಎಂದು ನಕ್ಷೆ ಬರೆಯುವಾಗ ದುಡಿಯುವವರ ಕಡೆಯಿಂದ ಒಂದು ಬಾಯಿ ಇರಲೆಂದು ಕಾನೂನೇ ಬಯಸಿದೆ.

ಎರಡನೆಯದು ದಿಲ್ಲಿ ನಗರ ಕಲಾ ಆಯೋಗ. 1973ರ ಕಾನೂನಿನ ಮೇರೆಗೆ ಇದು 1974ರ ಮೇ 1ರಂದು ಅಸ್ತಿತ್ವಕ್ಕೆ ಬಂದಿತು. ಒಬ್ಬ ಅಧ್ಯಕ್ಷರು, ಎರಡರಿಂದ ನಾಲ್ಕು ಮಂದಿ ಸದಸ್ಯರು; ಕಛೇರಿ ಲೋಧಿ ರಸ್ತೆಯ ಇಂಡಿಯಾ ಹ್ಯಾಬಿಟಾಟ್ ಸೆಂಟರಿನಲ್ಲಿ. ಸಾರ್ವಜನಿಕ ಉದ್ಯಾನಗಳ ರಚನೆ, ಅವುಗಳಲ್ಲಿ ಪ್ರತಿಮೆ ಕಾರಂಜಿಗಳ ಆಯ್ಕೆ, ಕೆಂಪುಕೋಟೆ, ಜಾಮಾ ಮಸೀದಿ, ಕುತುಬ್, ಹುಮಾಯೂನನ ಗೋರಿ ಮೊದಲಾದವುಗಳ ಸುತ್ತಣ ಪ್ರದೇಶ, ಬೀದಿಯ ಜಾಹೀರಾತು ಫಲಕಗಳು, ಮೇಲ್ಸೇತುವೆಗಳು ಇವೆಲ್ಲ ಅದರ ಕಣ್ಣಿನ ಕೆಳಗೆ ಬರುತ್ತವೆ. ನಗರದ ಸಾಂಸ್ಕೃತಿಕ ಕಳೆಯನ್ನು ಹೆಚ್ಚಿಸುವ ಬೇರಾವ ಯೋಜನೆಯೂ ಸೇರಿದೆ. ಹೆಸರಿಗೆ ಇದು ಸಲಹೆ ನೀಡುವ ಆಯೋಗ. ಆದರೆ 12ನೆಯ ಕಲಮಿನ ಪ್ರಕಾರ ಸ್ಥಳೀಯ ಸಂಸ್ಥೆಯು ಇಂಥ ಯೋಜನೆಗೆ ಒಪ್ಪಿಗೆ ಕೊಡುವ ಮೊದಲು ಆಯೋಗಕ್ಕೆ ಕಳುಹಿಸಲೇಬೇಕು, ಅದರ ತೀರ್ಮಾನಕ್ಕೆ ಬದ್ಧವಾಗಿರಲೇಬೇಕು. ಅಮೆರಿಕದ ರಾಜಧಾನಿ ವಾಷಿಂಗ್‌ಟನ್ನಿನಲ್ಲಿ 1910ರಷ್ಟು ಹಿಂದೆಯೇ ಏಳು ಸದಸ್ಯರ ಲಲಿತಕಲಾ ಆಯೋಗವೊಂದು ಏರ್ಪಟ್ಟಿತ್ತು. ರಾಜಧಾನಿಯ ಅಂದವನ್ನು ಬರಿಯ ಗುತ್ತಿಗೆದಾರರ ಕೈಗೆ ಬಿಡಬಾರದೆಂಬುದೇ ಎರಡರ ಹಿಂದಿನ ವಿಚಾರ.

ಮೂರನೆಯದು ಪಾಲಿಕೆಯ ವಾರ್ಡ್ ಸಮಿತಿಗಳು. ಮೂರು ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯುಳ್ಳ ಪೌರಸಂಸ್ಥೆಗಳಲ್ಲಿ ಇವು ಇರಬೇಕೆಂದು ಸಂವಿಧಾನವೇ ಹೇಳುತ್ತದೆ. 2012ರಲ್ಲಿ ಮೂರಾಗಿ ಒಡೆದ ದಿಲ್ಲಿ ಪಾಲಿಕೆಯು 2022ರ ಮೇ 22ರಂದು ಮತ್ತೆ ಒಂದಾಯಿತು. ಅದರಲ್ಲಿ 250 ವಾರ್ಡುಗಳು, 12 ವಲಯಗಳು; ವಲಯಕ್ಕೊಂದು ವಾರ್ಡ್ ಸಮಿತಿ. ಆ ವಲಯದಿಂದ ಚುನಾಯಿತರಾದ ಕೌನ್ಸಿಲರುಗಳೇ ಮುಖ್ಯವಾಗಿ ಅದರ ಸದಸ್ಯರು. ನಮ್ಮ ಬೀದಿಯ ಪಾರ್ಕಿನ ಬೇಲಿ, ದೀಪ, ನೀರು ಇವುಗಳ ಮಾತಿಗೆ ಇದೇ ಹತ್ತಿರದ ಚಾವಡಿ.

ಒಂದು ಎಚ್ಚರಿಕೆ. ಇದು ದಿಲ್ಲಿಯ ಮಾತು. ನೋಯಿಡಾದಲ್ಲಿರುವ ಬಂಧುಗಳ ಸ್ಥಿತಿ ಬೇರೆ. ಅದು 1976ರಲ್ಲಿ ಉತ್ತರ ಪ್ರದೇಶದ ಔದ್ಯಮಿಕ ಪ್ರದೇಶದ ಕಾನೂನಿನಡಿ ಹುಟ್ಟಿದ ಊರು. ಅಲ್ಲಿ ಚುನಾಯಿತ ಪಾಲಿಕೆಯಿಲ್ಲ, ಅಧಿಕಾರಿಗಳ ಪ್ರಾಧಿಕಾರವೇ ಎಲ್ಲ. ಅಲ್ಲಿ ಕೌನ್ಸಿಲರನನ್ನು ಹುಡುಕಿ ಪ್ರಯೋಜನವಿಲ್ಲ. ಅರ್ಜಿಯನ್ನು ನೇರವಾಗಿ ಪ್ರಾಧಿಕಾರಕ್ಕೇ ಕೊಡಬೇಕು.

ಎಷ್ಟು ಹಸಿರು ನಮಗೆ ಸಲ್ಲಬೇಕು?

ನಾವು ಲೆಕ್ಕ ಬರೆದು ಹೊಟ್ಟೆ ಹೊರೆಯುವವರು. ಆದ್ದರಿಂದ ಲೆಕ್ಕವನ್ನೂ ನೋಡಿಬಿಡೋಣ. 2007ರಲ್ಲಿ ಪ್ರಕಟವಾದ ‘ದಿಲ್ಲಿ ಮಹಾಯೋಜನೆ 2021’ ಉದ್ಯಾನಗಳಿಗೆ ಹೀಗೆ ಅಳತೆ ಗೊತ್ತುಮಾಡಿತು: 250 ಜನರಿಗೆ 125 ಚದರ ಮೀಟರಿನ ಮಕ್ಕಳ ಅಂಗಳ, 5,000 ಜನರಿಗೆ ಅರ್ಧ ಹೆಕ್ಟೇರಿನ ವಸತಿ ಪಾರ್ಕು, 10,000 ಜನರಿಗೆ 1 ಹೆಕ್ಟೇರಿನ ನೆರೆಹೊರೆಯ ಪಾರ್ಕು, 1 ಲಕ್ಷ ಜನರಿಗೆ 5 ಹೆಕ್ಟೇರು, 5 ಲಕ್ಷಕ್ಕೆ 25 ಹೆಕ್ಟೇರು, 10 ಲಕ್ಷಕ್ಕೆ 100 ಹೆಕ್ಟೇರು. ಇವನ್ನು ತಲೆಗೆ ಹಂಚಿ ಕೂಡಿದರೆ ಒಬ್ಬರಿಗೆ ನಾಲ್ಕೂವರೆ ಚದರ ಮೀಟರು. ನಮ್ಮ ಕಡೆಯ ಎರಡು ಮೂರು ಚಾಪೆ ಹಾಸುವಷ್ಟು ಜಾಗ! ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಮನೆಗಳಿಂದ ಬಂದ ಮಕ್ಕಳಿಗೆ ಈ ಎರಡು ಚಾಪೆಯ ಹಸಿರು ಅಲ್ಪವಲ್ಲ. ಬಂಗಲೆಯ ಮಗುವಿಗೆ ಮನೆಯಂಗಳವಿದೆ. ನಮ್ಮ ಮಗುವಿಗೆ ಪಾರ್ಕೇ ಅಂಗಳ.

ಗಿರಣಿಗಳ ನೆಲ

ಹಸಿರಿನ ಪ್ರಶ್ನೆ ಅನ್ನದ ಪ್ರಶ್ನೆಯೊಡನೆ ಹೇಗೆ ತೊಡರಿಕೊಳ್ಳುತ್ತದೆಂಬುದಕ್ಕೆ ದಿಲ್ಲಿಯಲ್ಲಿಯೇ ದೊಡ್ಡ ದೃಷ್ಟಾಂತವಿದೆ. ಸುಪ್ರೀಮ್ ಕೋರ್ಟು 1996ರ ಜುಲೈ 8ರಂದು, ಅಪಾಯಕಾರಿಯೆಂದು ಎಣಿಸಿದ 168 ಉದ್ಯಮಗಳು ನವೆಂಬರ್ 30ರೊಳಗೆ ದಿಲ್ಲಿಯಲ್ಲಿ ಕೆಲಸ ನಿಲ್ಲಿಸಬೇಕೆಂದು ಆಜ್ಞಾಪಿಸಿತು. ತೆರವಾಗುವ ನೆಲದ ವಿಲೇವಾರಿಯನ್ನು ಅದೇ ವರ್ಷದ ಮೇ 10ರ ಆದೇಶದಲ್ಲಿ ತಿಳಿಸಿತ್ತು. ದೊಡ್ಡ ನಿವೇಶನಗಳಲ್ಲಿ ಮಾಲೀಕರು ಒಂದು ಪಾಲನ್ನು ಇಟ್ಟುಕೊಂಡು ಉಳಿದುದನ್ನು ಹಸಿರು ಬಯಲಿಗೂ ಸಮಾಜದ ಇತರ ಅಗತ್ಯಗಳಿಗೂ ಪ್ರಾಧಿಕಾರಕ್ಕೆ ಬಿಟ್ಟುಕೊಡಬೇಕು. 10 ಹೆಕ್ಟೇರಿಗಿಂತ ದೊಡ್ಡ ನಿವೇಶನವಾದರೆ ನೂರಕ್ಕೆ 68 ಪಾಲು.

ನಗರದ ಗಾಳಿ ಶುದ್ಧವಾಗಬೇಕೆಂಬುದು ಸರಿಯೇ. ಗಿರಣಿಯ ಹೊಗೆಯನ್ನು ಮೊದಲು ಕುಡಿದವನು ಗಿರಣಿಯವನೇ ತಾನೆ? ಆದರೆ ಕೆಲಸ ಹೋದವನ ಮನೆಯಲ್ಲಿ ಒಲೆ ಉರಿಯುವುದು ಹೇಗೆಂಬ ಪ್ರಶ್ನೆಯೂ ಅಷ್ಟೇ ನಿಜ. ಕೋರ್ಟು ಪರಿಹಾರದ ಕ್ರಮವನ್ನು ಗೊತ್ತುಮಾಡಿತು. ಪರಿಹಾರವು ಕೈಸೇರುವುದು ಬೇರೆ ಮಾತು, ಮತ್ತೊಂದು ನೌಕರಿ ಸಿಗುವುದು ಇನ್ನೂ ಬೇರೆ ಮಾತು. ಇದರಿಂದ ನಾವು ಕಲಿಯಬೇಕಾದುದಿಷ್ಟು: ಉದ್ಯಾನದ ಯೋಜನೆ ಹೂಗಿಡಗಳ ಸಮಾಚಾರ ಮಾತ್ರವಲ್ಲ. ಯಾರ ನೆಲ, ಯಾರ ಕೆಲಸ, ಯಾರ ವಿರಾಮ ಎಂಬ ತೂಕ ಅದರಲ್ಲಿದೆ. ತೂಗುವ ಕಡೆ ದುಡಿಯುವವನ ಮಾತು ಕೇಳಿಸದಿದ್ದರೆ ತಕ್ಕಡಿ ಒಂದೇ ಕಡೆಗೆ ವಾಲುತ್ತದೆ.

ಬೆಂಗಳೂರಿನ ಪಾಠ

ಸಲಹಾ ಮಂಡಲಿಗೆ ಕಾನೂನಿನ ಬೆನ್ನೆಲುಬಿಲ್ಲದಿದ್ದರೆ ಏನಾಗುತ್ತದೆಂಬುದನ್ನು ನಮ್ಮ ಬೆಂಗಳೂರೇ ತೋರಿಸಿತು. ಅಲ್ಲಿಯೂ 1976ರಲ್ಲಿ ನಗರ ಕಲಾ ಆಯೋಗವೊಂದು ಹುಟ್ಟಿತು. ಅದರ ಹಿಂದೆ ದಿಲ್ಲಿಯಂತೆ ಪ್ರತ್ಯೇಕ ಕಾನೂನಿರಲಿಲ್ಲ, ಸರಕಾರದ ಆಜ್ಞೆಯಿತ್ತು. ಸಲಹೆ ಕೊಟ್ಟರೆ ಕೇಳಿದವರು ಕೇಳಿದರು, ಬಿಟ್ಟವರು ಬಿಟ್ಟರು. 2001ರಲ್ಲಿ ಅದನ್ನು ವಿಸರ್ಜಿಸಲಾಯಿತು. ಆದರೆ ಇನ್ನೊಂದು ಮುಖವನ್ನೂ ನೋಡಬೇಕು. 1870ರಲ್ಲಿ ಹುಟ್ಟಿದ ಕಬ್ಬನ್ ಪಾರ್ಕನ್ನೂ ಲಾಲ್‌ಬಾಗನ್ನೂ ಕಾಪಾಡಲು ಕರ್ನಾಟಕವು 1975ರಲ್ಲಿ ಉದ್ಯಾನ ಸಂರಕ್ಷಣಾ ಕಾನೂನನ್ನು ಮಾಡಿತ್ತು. 1998ರಲ್ಲಿ ಕಬ್ಬನ್ ಪಾರ್ಕಿನ ಒಂದು ಭಾಗವನ್ನು ಕಟ್ಟಡಕ್ಕಾಗಿ ಬಿಡಿಸಹೊರಟಾಗ ಸಾಮಾನ್ಯ ಜನರೇ ಬೀದಿಗಿಳಿದು ಪ್ರತಿಭಟಿಸಿದರು, ಕೋರ್ಟಿಗೂ ಹೋದರು. ಕಾನೂನು ಬೇಕು, ಸಲಹೆಗಾರರು ಬೇಕು, ಇವೆರಡರ ಹಿಂದೆ ಎಚ್ಚರವಾಗಿರುವ ಜನರೂ ಬೇಕು.

ದಿಲ್ಲಿಯ ಮಂಡಲಿಗಳಲ್ಲಿ ಕೊರತೆಯಿಲ್ಲವೆಂದಲ್ಲ. ಕಲಾ ಆಯೋಗದಲ್ಲಿರುವವರು ತಜ್ಞರು. ಕೊಳೆಗೇರಿಯ ಬದಿಯ ಪಾರ್ಕಿನಲ್ಲಿ ಹಗಲು ನಿದ್ದೆ ಮಾಡುವ ರಾತ್ರಿ ಪಾಳಿಯವನ ಕಷ್ಟ ಅವರಿಗೆ ತಾನಾಗಿ ತಿಳಿಯಬೇಕೆಂದರೆ ಹೇಗೆ? ಬಡಾವಣೆಯ ನಿವಾಸಿ ಸಂಘಗಳಲ್ಲಿ ಬಾಡಿಗೆದಾರರಿಗೆ ಸ್ಥಾನ ಕೊಡದಿರುವುದೂ ಉಂಟು. ದಿಲ್ಲಿ ಸರಕಾರದ ಉದ್ಯಾನ ಸಂಸ್ಥೆಯು ಪಾರ್ಕುಗಳ ಪಾಲನೆಗೆ ಇಂಥ ಸಂಘಗಳಿಗೆ ಧನಸಹಾಯ ಕೊಡುತ್ತ ಬಂದಿದೆ. ಬೀಗದ ಕೈ ಸಂಘದವರಲ್ಲಿ ಉಳಿದರೆ, ಬಾಡಿಗೆಮನೆಯ ಮಗು ಬೇಲಿಯ ಹೊರಗೆ ಉಳಿಯಬಾರದೆಂದು ನೋಡಿಕೊಳ್ಳುವವರು ಬೇಕಾಗುತ್ತದೆ.

ನಾವು ಏನು ಮಾಡಬಹುದು?

ಮೊದಲನೆಯದಾಗಿ, ಬಯಲು ಯಾರದೆಂದು ತಿಳಿಯಿರಿ. ಪಾಲಿಕೆಯದೋ, ಪ್ರಾಧಿಕಾರದ್ದೋ, ನವದೆಹಲಿ ಪೌರಮಂಡಲಿಯದೋ, ಕೇಂದ್ರ ಪುರಾತತ್ವ ಇಲಾಖೆಯದೋ? ಸಾಮಾನ್ಯವಾಗಿ ಬಾಗಿಲ ಬಳಿಯ ಫಲಕದಲ್ಲಿ ಬರೆದಿರುತ್ತದೆ. ತಿಳಿಯದಿದ್ದರೆ 2005ರ ಮಾಹಿತಿ ಹಕ್ಕಿನ ಕಾನೂನಿದೆ. ದಿಲ್ಲಿಯಲ್ಲಿ ಹತ್ತು ರೂಪಾಯಿ ಶುಲ್ಕ ಕೊಟ್ಟು ಅರ್ಜಿ ಹಾಕಿದರೆ 30 ದಿನಗಳೊಳಗೆ ಉತ್ತರ ಕೊಡಬೇಕು.

ಎರಡನೆಯದಾಗಿ, ಒಬ್ಬರೇ ಹೋಗಬೇಡಿರಿ. ಹನಿಗೂಡಿದರೆ ಹಳ್ಳ. ಪಕ್ಕದ ಬಿಹಾರಿ, ಗಢವಾಲಿ, ತಮಿಳು ನೆರೆಯವರನ್ನು ಸೇರಿಸಿಕೊಳ್ಳಿರಿ. ಬಯಲಿಗೆ ಭಾಷೆಯಿಲ್ಲ. ಅರ್ಜಿಯಲ್ಲಿ ಬೈಗುಳ ಬೇಡ. ಸ್ಥಳ, ತೊಂದರೆ, ಬೇಡಿಕೆ ಈ ಮೂರು ಸಾಕು. ಕೊಟ್ಟದ್ದಕ್ಕೆ ರಸೀತಿಯನ್ನು ತಪ್ಪದೆ ಪಡೆಯಿರಿ.

ಮೂರನೆಯದಾಗಿ, ಇಲ್ಲಿಯೇ ನೆಲಸಿರುವವರು ಮತದಾರರ ಪಟ್ಟಿಯಲ್ಲಿ ಇಲ್ಲಿ ಹೆಸರು ಬರೆಸುವುದನ್ನು ಯೋಚಿಸಿರಿ. ಎರಡು ಕಡೆ ಹೆಸರಿರಲು ಕಾನೂನು ಬಿಡದು. ಊರಿನ ಮತವನ್ನು ಬಿಡುವುದು ಮನಸ್ಸಿಗೆ ಕಷ್ಟವೇ ಸರಿ. ಆದರೆ ಮತವಿಲ್ಲದವನ ಅರ್ಜಿಗೆ ಕೌನ್ಸಿಲರನ ಮೇಜಿನ ಮೇಲೆ ತೂಕ ಕಡಿಮೆ. ಇದನ್ನು ಅವರವರ ಸಂಸಾರದ ಸ್ಥಿತಿ ನೋಡಿ ತೀರ್ಮಾನಿಸಬೇಕು.

ನಾಲ್ಕನೆಯದಾಗಿ, ಮಹಾಯೋಜನೆ ತಯಾರಾಗುವಾಗ, ತಿದ್ದುಪಡಿಯಾಗುವಾಗ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ. ಆಕ್ಷೇಪಣೆ, ಸೂಚನೆಗಳನ್ನು ಯಾರು ಬೇಕಾದರೂ ಕಳುಹಿಸಬಹುದು. 2021ರ ಜೂನ್‌ನಲ್ಲಿ 2041ರ ಯೋಜನೆಯ ಕರಡು ಹೊರಬಂದಾಗ ಬೀದಿ ವ್ಯಾಪಾರಿಗಳು, ಮನೆಗೆಲಸದವರು, ಕಟ್ಟಡ ಕಾರ್ಮಿಕರು ಇವರ ಪರವಾದ ಕೂಟಗಳು ‘ಮೈಂ ಭೀ ದಿಲ್ಲಿ’, ಅಂದರೆ ‘ನಾನೂ ದಿಲ್ಲಿಯೇ’ ಎಂಬ ಹೆಸರಿನಲ್ಲಿ ತಮ್ಮ ಸೂಚನೆಗಳನ್ನು ಮುಂದಿಟ್ಟವು. ಆ ಹೆಸರಿನಲ್ಲಿಯೇ ಒಂದು ಪಾಠವಿದೆ.

ಕೊನೆಯದಾಗಿ, ಇರುವುದನ್ನು ಬಳಸಿರಿ. ಚಾಣಕ್ಯಪುರಿಯ ನೆಹರೂ ಪಾರ್ಕಿನಲ್ಲಿ ಪೌರಮಂಡಲಿಯೂ ‘ಸ್ಪಿಕ್ ಮೆಕೆ’ ಸಂಸ್ಥೆಯೂ ಕೂಡಿ ಏರ್ಪಡಿಸುತ್ತ ಬಂದಿರುವ ಸಂಗೀತ ಸಂಜೆಗಳಿಗೆ ಟಿಕೇಟಿಲ್ಲ. ಹುಲ್ಲಿನ ಮೇಲೆ ಕೂತು ದೊಡ್ಡ ವಿದ್ವಾಂಸರನ್ನು ಕೇಳಬಹುದು. ಲೋಧಿ ಉದ್ಯಾನಕ್ಕೂ ಪ್ರವೇಶಧನವಿಲ್ಲ. ಜನ ಬಳಸುವ ಬಯಲನ್ನು ಕಸಿದುಕೊಳ್ಳುವುದು ಸುಲಭವಲ್ಲ. ಬರಿದಾಗಿ ಬಿದ್ದ ಬಯಲಿನ ಮೇಲೆ ಎಲ್ಲರ ಕಣ್ಣೂ ಬೀಳುತ್ತದೆ.

ಹಿಂದಿಯಲ್ಲಿ ಅರ್ಜಿ ಬರೆಯಲು ತೊಡಕಾಗುವ ಬಂಧುಗಳು ಭಾನುವಾರ ಬೆಳಿಗ್ಗೆ ವಾಚನಾಲಯಕ್ಕೆ ಬಂದರೆ ಬರೆದುಕೊಡಲು ನಾವು ಕೆಲವರು ಸಿದ್ಧರಿದ್ದೇವೆ. ಬರುವಾಗ ಬಯಲಿನ ಹೆಸರು, ವಾರ್ಡಿನ ಸಂಖ್ಯೆ, ಸಹಿ ಹಾಕಲು ಒಪ್ಪಿದ ನೆರೆಯವರ ಪಟ್ಟಿ, ಇಷ್ಟನ್ನು ತಂದರೆ ಸಾಕು.